ಹನ್ನೆರಡು ಕಂಪ್ಯೂಟರ್, ಮೂರು ದೋಷ ಸಂಖ್ಯೆ: ನೆಟ್‌ವರ್ಕ್ ಬೂಟ್‌ನ ಇತಿಹಾಸ



ನಾನು ಮೆಕಿನ್ನಿಯಲ್ಲಿ ಹೈಸ್ಕೂಲಿನ ಹನ್ನೊಂದನೇ ತರಗತಿಯಲ್ಲಿ ಓದುತ್ತಿದ್ದೇನೆ. ಐದು ವರ್ಷದ ಮಗುವಾಗಿದ್ದಾಗ ನಮ್ಮ ಕನ್ನಡ ಶಾಲೆಗೆ ಸೇರಿದೆ. ಈಗ ಎರಡು ವರ್ಷದಿಂದ ಚಿಕ್ಕ ಮಕ್ಕಳ ತರಗತಿಯಲ್ಲಿ ಸಹಾಯ ಮಾಡುತ್ತಿದ್ದೇನೆ. ಇತಿಹಾಸ ಎಂದರೆ ಕದಂಬರು, ಹೊಯ್ಸಳರು, ವಿಜಯನಗರ ಎಂದು ನಾವೆಲ್ಲ ಓದುತ್ತೇವೆ. ಈ ಸಲ ನಾನು ಬರೆಯುತ್ತಿರುವುದು ಬಹಳ ಚಿಕ್ಕ ಸಮಯದ ಇತಿಹಾಸ. ನೀವು ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಬರುವ ಮೊದಲ ಒಂದು ನಿಮಿಷದ ಇತಿಹಾಸ.

ಕಳೆದ ಬೇಸಿಗೆ ರಜೆಯಲ್ಲಿ ಒಬ್ಬ ಪೋಷಕರು ತಮ್ಮ ಆಫೀಸಿನಲ್ಲಿ ಬೇಡವಾದ ಹನ್ನೆರಡು ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳನ್ನು ಶಾಲೆಗೆ ಕೊಡಿಸಿದರು. ಒಳಗಿನ ಡಿಸ್ಕ್‌ಗಳನ್ನೆಲ್ಲ ಅಳಿಸಿದ್ದರು. ಅವುಗಳಲ್ಲಿ ಒಂಬತ್ತು ಡೆಲ್, ಮೂರು ಸ್ವಲ್ಪ ಹಳೆಯ ಎಚ್‌ಪಿ ಕಾಂಪ್ಯಾಕ್. ಅವುಗಳಲ್ಲಿ ಲಿನಕ್ಸ್ ಹಾಕಿ, ಮಕ್ಕಳು ಕನ್ನಡದಲ್ಲಿ ಟೈಪ್ ಮಾಡುವ ಹಾಗೆ ಮಾಡಬೇಕು ಎಂದು ಟೀಚರ್ ನನಗೆ ವಹಿಸಿದರು. ಒಂದು ಪೆನ್‌ಡ್ರೈವ್ ಹಿಡಿದು ಒಂದೊಂದಕ್ಕೂ ಹಾಕುತ್ತಾ ಹೋದರೆ ಇಡೀ ದಿನ ಬೇಕು. ನೆಟ್‌ವರ್ಕ್ ಬೂಟ್ ಎಂಬ ವಿಧಾನದಲ್ಲಿ ನನ್ನ ಲ್ಯಾಪ್‌ಟಾಪ್ ಒಂದೇ ಎಲ್ಲ ಹನ್ನೆರಡಕ್ಕೂ ಒಟ್ಟಿಗೆ ಬಡಿಸಬಹುದು ಎಂದು ಓದಿದ್ದೆ. ಒಂದು ಭಾನುವಾರದ ಎರಡು ಗಂಟೆಯಲ್ಲಿ ಮುಗಿಸುತ್ತೇನೆ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಮುಗಿಯಲು ಮೂರು ಭಾನುವಾರ ಹಿಡಿಯಿತು. ಅದರಲ್ಲಿ ಒಂದು ಭಾನುವಾರ ನಾನು ಮಾಡಿದ ತಪ್ಪಿನಿಂದ ಪಕ್ಕದ ಕೋಣೆಯವರಿಗೂ ತೊಂದರೆಯಾಯಿತು. ಅದನ್ನೂ ಹೇಳುತ್ತೇನೆ.

ತನ್ನನ್ನು ತಾನೇ ಎತ್ತಿಕೊಳ್ಳುವುದು

ಮೊದಲು 'ಬೂಟ್' ಎಂಬ ಮಾತಿನ ಅರ್ಥ. ಬೂಟಿನ ಹಿಂಭಾಗದಲ್ಲಿ ಎಳೆದುಕೊಳ್ಳಲು ಒಂದು ಪಟ್ಟಿ ಇರುತ್ತದಲ್ಲ, ಅದನ್ನು ತಾನೇ ಹಿಡಿದು ತನ್ನನ್ನು ತಾನೇ ಮೇಲಕ್ಕೆ ಎತ್ತಿಕೊಂಡ ಎಂಬ ತಮಾಷೆಯ ಮಾತಿನಿಂದ ಈ ಹೆಸರು ಬಂತು. ಕಂಪ್ಯೂಟರಿನ ಕಷ್ಟವೂ ಅದೇ. ಡಿಸ್ಕ್‌ನಿಂದ ಆಪರೇಟಿಂಗ್ ಸಿಸ್ಟಮ್ ಓದಲು ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಓದಲು ಇನ್ನೊಂದು ಬೇಕು. ಅದಕ್ಕಾಗಿ ಪ್ರತಿ ಕಂಪ್ಯೂಟರಿನ ಚಿಪ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಶಾಶ್ವತವಾಗಿ ಇರುತ್ತದೆ. ಅದು ಸ್ವಲ್ಪ ಎಚ್ಚರವಾಗಿ, ದೊಡ್ಡದನ್ನು ಹುಡುಕಿ ಎಬ್ಬಿಸುತ್ತದೆ.

ಡಿಸ್ಕ್ ಖಾಲಿ ಇದ್ದರೆ? ಆಗ ಆ ಪುಟ್ಟ ಪ್ರೋಗ್ರಾಂ ನೆಟ್‌ವರ್ಕ್ ಕೇಬಲ್‌ನ ಕಡೆ ತಿರುಗಿ ಕೇಳಬಹುದು. ಆದರೆ ಅದಕ್ಕೆ ಏನೂ ಗೊತ್ತಿಲ್ಲ. ತನ್ನ ವಿಳಾಸ ಗೊತ್ತಿಲ್ಲ, ಕೊಡುವವರು ಯಾರು ಎಂದು ಗೊತ್ತಿಲ್ಲ, ಯಾವ ಕಡತ ಕೇಳಬೇಕು ಎಂದೂ ಗೊತ್ತಿಲ್ಲ. ಅದರ ಹತ್ತಿರ ಇರುವುದು ನೆಟ್‌ವರ್ಕ್ ಕಾರ್ಡ್ ತಯಾರಾದಾಗ ಅದರ ಮೇಲೆ ಬರೆದ 48 ಬಿಟ್‌ನ ಒಂದು ಸಂಖ್ಯೆ ಮಾತ್ರ. ನಮ್ಮ ಅಪ್ಪ ಮೊದಲ ಸಲ ಡಾಲಸ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಜೇಬಿನಲ್ಲಿ ಒಂದು ಪಾಸ್‌ಪೋರ್ಟ್ ಮಾತ್ರ ಇತ್ತು, ಎಲ್ಲಿ ಉಳಿಯುವುದು ಎಂದೇ ಗೊತ್ತಿರಲಿಲ್ಲ ಎಂದು ಯಾವಾಗಲೂ ಹೇಳುತ್ತಾರೆ. ಹೆಚ್ಚುಕಡಿಮೆ ಅದೇ ಪರಿಸ್ಥಿತಿ.

ಮೊದಲ ಪದರ: ಇ51, 1993

ನಾನು ಹಳೆಯ ಕಾಂಪ್ಯಾಕ್ ಒಂದರಿಂದ ಶುರು ಮಾಡಿದೆ. ಅದನ್ನೂ ನನ್ನ ಲ್ಯಾಪ್‌ಟಾಪನ್ನೂ ಒಂದು ಸ್ವಿಚ್‌ಗೆ ಜೋಡಿಸಿ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಬಂದವು. ಒಂದು ನಿಮಿಷದ ನಂತರ ಒಂದು ಸಾಲು ಬಂತು: ಪಿಎಕ್ಸ್‌ಇ-ಇ51. ಅದರ ಅರ್ಥ, 'ಡಿಎಚ್‌ಸಿಪಿಯಿಂದ ಯಾವ ಉತ್ತರವೂ ಬರಲಿಲ್ಲ'.

ಡಿಎಚ್‌ಸಿಪಿ ಎಂದರೆ ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ನಿಯಮ. ನಿಮ್ಮ ಮನೆಯ ರೌಟರ್ ಈಗಲೂ ಇದೇ ಕೆಲಸ ಮಾಡುತ್ತಿದೆ. ಇದು ನಾಲ್ಕು ಹೆಜ್ಜೆಯ ಮಾತುಕತೆ. ಹೊಸ ಯಂತ್ರ ಇಡೀ ನೆಟ್‌ವರ್ಕಿಗೆ ಕೇಳುವಂತೆ ಕೂಗುತ್ತದೆ: 'ಯಾರಾದರೂ ಇದ್ದೀರಾ?' ಒಬ್ಬರು ಹೇಳುತ್ತಾರೆ: 'ನಾನಿದ್ದೇನೆ, ಈ ವಿಳಾಸ ಕೊಡಬಲ್ಲೆ.' ಯಂತ್ರ ಹೇಳುತ್ತದೆ: 'ಸರಿ, ಅದನ್ನೇ ಕೊಡಿ.' ಕೊನೆಗೆ: 'ಆಯಿತು, ಇಷ್ಟು ಹೊತ್ತು ಅದು ನಿನ್ನದು.' ಆ 'ಇಷ್ಟು ಹೊತ್ತು' ಎಂಬುದು ಮುಖ್ಯ. ವಿಳಾಸ ಸ್ವಂತಕ್ಕೆ ಅಲ್ಲ, ಬಾಡಿಗೆಗೆ. ಅವಧಿ ಮುಗಿಯುವ ಮೊದಲು ನವೀಕರಿಸದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆ.

ಈ ನಿಯಮವನ್ನು ಬರೆದವರು ಪೆನ್ಸಿಲ್ವೇನಿಯಾದ ಬಕ್‌ನೆಲ್ ವಿಶ್ವವಿದ್ಯಾಲಯದಲ್ಲಿದ್ದ ರಾಲ್ಫ್ ಡ್ರೋಮ್ಸ್. ಇಂಟರ್‌ನೆಟ್‌ನ ನಿಯಮಗಳು ಆರ್‌ಎಫ್‌ಸಿ ಎಂಬ ಸಂಖ್ಯೆ ಇರುವ ದಾಖಲೆಗಳಾಗಿ ಪ್ರಕಟವಾಗುತ್ತವೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಡಿಎಚ್‌ಸಿಪಿ 1993ರ ಅಕ್ಟೋಬರ್‌ನಲ್ಲಿ 1531ನೇ ದಾಖಲೆಯಾಗಿ ಬಂತು. ಅಚ್ಚಿಗೆ ಸಿದ್ಧ ಮಾಡುವಾಗ ಕೆಲವು ತಪ್ಪು ನುಸುಳಿದ್ದರಿಂದ ಅದೇ ತಿಂಗಳು 1541 ಎಂಬ ಹೊಸ ಸಂಖ್ಯೆಯಲ್ಲಿ ಮತ್ತೆ ಪ್ರಕಟಿಸಿದರು. ದೊಡ್ಡವರ ಹೋಂವರ್ಕ್ ಕೂಡ ಎರಡನೇ ಸಲ ಬರೆಯಬೇಕಾಗುತ್ತದೆ ಎಂದು ತಿಳಿದು ನನಗೆ ಸಮಾಧಾನವಾಯಿತು.

ಅದಕ್ಕಿಂತ ಮೊದಲು ವಿಳಾಸವನ್ನು ಹೇಗೆ ಕೊಡುತ್ತಿದ್ದರು? ಕೈಯಿಂದ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಟೆಕ್ಸಾಸ್‌ನಲ್ಲೇ ಇದೆ. ಸ್ಯಾನ್ ಆಂಟೋನಿಯೋದ ಡೇಟಾಪಾಯಿಂಟ್ ಕಂಪನಿ 1977ರಲ್ಲಿ ಆರ್ಕ್‌ನೆಟ್ ಎಂಬ ಜಾಲವನ್ನು ಹೊರತಂದಿತು. ಒಂದು ಕಟ್ಟಡದೊಳಗೆ ಕಂಪ್ಯೂಟರ್‌ಗಳನ್ನು ಜೋಡಿಸಲು ಮಾರಾಟಕ್ಕೆ ಬಂದ ಮೊದಮೊದಲ ಜಾಲಗಳಲ್ಲಿ ಅದೂ ಒಂದು. ಅದರ ಕಾರ್ಡ್ ಮೇಲೆ ಎಂಟು ಪುಟಾಣಿ ಸ್ವಿಚ್ ಇರುತ್ತಿದ್ದವು. ಅವನ್ನು ಮೇಲೆ ಕೆಳಗೆ ಮಾಡಿ 1ರಿಂದ 255ರ ಒಳಗೆ ಒಂದು ಸಂಖ್ಯೆ ಇಡಬೇಕಿತ್ತು. ಇಬ್ಬರಿಗೆ ಒಂದೇ ಸಂಖ್ಯೆ ಕೊಟ್ಟರೆ ಜಾಲ ಕೆಡುತ್ತಿತ್ತು. ಯಾರಿಗೆ ಯಾವ ಸಂಖ್ಯೆ ಎಂಬುದನ್ನು ಒಬ್ಬರು ಬರೆದಿಟ್ಟುಕೊಳ್ಳಲೇಬೇಕಿತ್ತು. ಹತ್ತು ಯಂತ್ರಕ್ಕೆ ಇದು ಸರಿ, ಸಾವಿರಕ್ಕೆ ಆಗುವುದಿಲ್ಲ. ಲ್ಯಾಪ್‌ಟಾಪ್‌ಗಳು ಬಂದು, ಬೆಳಿಗ್ಗೆ ಒಂದು ಕಡೆ ಸಂಜೆ ಒಂದು ಕಡೆ ಓಡಾಡಲು ಶುರು ಮಾಡಿದ ಮೇಲಂತೂ ಸಾಧ್ಯವೇ ಇಲ್ಲ. ಅದಕ್ಕೇ ಬಾಡಿಗೆ ವಿಳಾಸ ಬಂತು.

ನನ್ನ ತೊಂದರೆಗೆ ಉತ್ತರ ಸುಲಭವಾಗಿತ್ತು. ನಾನು ಜೋಡಿಸಿದ ಪುಟ್ಟ ಜಾಲದಲ್ಲಿ ವಿಳಾಸ ಕೊಡುವವರೇ ಇರಲಿಲ್ಲ. ಸಭಾಂಗಣದ ಗೋಡೆಯ ಸಾಕೆಟ್‌ಗೆ ಸ್ವಿಚ್ ಜೋಡಿಸಿದೆ. ಅಲ್ಲಿನ ರೌಟರ್ ವಿಳಾಸ ಕೊಟ್ಟಿತು. ಇ51 ಹೋಯಿತು.

ಎರಡನೇ ಪದರ: ಇ53, 1985

ಅದರ ಜಾಗದಲ್ಲಿ ಇ53 ಬಂತು. ಅರ್ಥ: 'ಬೂಟ್ ಕಡತದ ಹೆಸರು ಸಿಗಲಿಲ್ಲ'. ವಿಳಾಸ ಸಿಕ್ಕಿದೆ, ಆದರೆ ಮುಂದೇನು ಎಂದು ಯಾರೂ ಹೇಳಲಿಲ್ಲ.

ವಿಳಾಸ ಹಂಚುವವರು ಕಡತದ ಹೆಸರನ್ನು ಯಾಕೆ ಹೇಳಬೇಕು ಎಂದು ನನಗೆ ಆಶ್ಚರ್ಯವಾಯಿತು. ಹುಡುಕುತ್ತಾ ಹೋದಾಗ ಡಿಎಚ್‌ಸಿಪಿಯ ಕೆಳಗೆ ಇನ್ನೊಂದು ಹಳೆಯ ನಿಯಮ ಸಿಕ್ಕಿತು. ಅದರ ಹೆಸರು ಬೂಟ್‌ಪಿ. 1985ರ ಸೆಪ್ಟೆಂಬರ್‌ನ 951ನೇ ದಾಖಲೆ. ಬರೆದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಲ್ ಕ್ರಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಗಿಲ್ಮೋರ್. ಸನ್ 1982ರಲ್ಲಿ ಶುರುವಾದ ಕಂಪನಿ, ಅದರ ಸ್ಥಾಪಕರಲ್ಲಿ ಒಬ್ಬರು ಭಾರತದಿಂದ ಬಂದ ವಿನೋದ್ ಖೋಸ್ಲಾ. ಆಗ ಹಾರ್ಡ್ ಡಿಸ್ಕ್ ಬಹಳ ದುಬಾರಿ. ಆದ್ದರಿಂದ ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳನ್ನೂ ಮಾರುತ್ತಿದ್ದರು. ಅವು ಬೆಳಿಗ್ಗೆ ಎದ್ದ ಕೂಡಲೇ ಎಲ್ಲವನ್ನೂ ನೆಟ್‌ವರ್ಕ್‌ನಿಂದಲೇ ತರಿಸಿಕೊಳ್ಳಬೇಕು.

ಅದಕ್ಕೂ ಒಂದು ವರ್ಷ ಮೊದಲು, 1984ರಲ್ಲಿ, ಸ್ಟ್ಯಾನ್‌ಫರ್ಡ್‌ನವರೇ ರಾರ್ಪ್ ಎಂಬ ನಿಯಮ ಮಾಡಿದ್ದರು. ಅದು ವಿಳಾಸವನ್ನು ಮಾತ್ರ ಹೇಳುತ್ತಿತ್ತು. ಅದೂ ಕೇಳುವವರು, ಹೇಳುವವರು ಒಂದೇ ಜಾಲದಲ್ಲಿದ್ದರೆ ಮಾತ್ರ. ಬೂಟ್‌ಪಿ ಒಂದೇ ಪತ್ರದಲ್ಲಿ ಮೂರು ಉತ್ತರ ಕೊಟ್ಟಿತು: ನಿನ್ನ ವಿಳಾಸ ಇದು, ನೀನು ಹೋಗಬೇಕಾದ ಸರ್ವರ್ ಇದು, ಅಲ್ಲಿ ಕೇಳಬೇಕಾದ ಕಡತ ಇದು. ಪಕ್ಕದ ಜಾಲದಲ್ಲಿರುವ ಸರ್ವರ್‌ಗೂ ಪತ್ರ ದಾಟಿಸಲು ದಾರಿ ಇಟ್ಟಿತು. ಒಂದೇ ಕೊರತೆ, ಯಾವ ಯಂತ್ರಕ್ಕೆ ಯಾವ ವಿಳಾಸ ಎಂಬ ಪಟ್ಟಿಯನ್ನು ಮನುಷ್ಯರೇ ತಯಾರಿಸಬೇಕಿತ್ತು.

ಎಂಟು ವರ್ಷದ ನಂತರ ಡ್ರೋಮ್ಸ್ ಮತ್ತು ಜೊತೆಯವರು ಹೊಸ ಪತ್ರ ಮಾಡಲಿಲ್ಲ. ಬೂಟ್‌ಪಿಯ ಪತ್ರವನ್ನೇ ಇಟ್ಟುಕೊಂಡು, ಕೊನೆಯಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಹೊಸ ವಿಷಯ ಸೇರಿಸಿದರು. ಹಾಗಾಗಿ ಇವತ್ತು ನಿಮ್ಮ ಫೋನ್ ವೈಫೈಗೆ ಸೇರುವಾಗ ಕಳಿಸುವ ಪತ್ರದಲ್ಲೂ 1985ರ ಜಾಗಗಳು ಹಾಗೇ ಇವೆ. ಕಡತದ ಹೆಸರಿಗೆ ಮೀಸಲಾದ 128 ಬೈಟ್ ಅಲ್ಲಿದೆ, ಫೋನಿಗೆ ಅದು ಬೇಡದಿದ್ದರೂ. ಪತ್ರ ಹೋಗುವ ಬಾಗಿಲುಗಳ ಸಂಖ್ಯೆ 67 ಮತ್ತು 68 ಕೂಡ ಅಂದಿನವೇ.

1985 ಎಂದಾಗ ನೆನಪಾಗುವ ಇನ್ನೊಂದು ಸಂಗತಿ ಹೇಳಬೇಕು, ಪೋಷಕರಿಗೆ ಇಷ್ಟವಾಗಬಹುದು. ನಮ್ಮ ಪಕ್ಕದ ಡಾಲಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆದದ್ದೂ ಅದೇ ವರ್ಷ. ಅಲ್ಲಿನ ಕಂಪ್ಯೂಟರ್‌ಗಳು ಇಲ್ಲಿನ ಕಂಪ್ಯೂಟರ್‌ಗಳ ಜೊತೆ ಮಾತಾಡಲು ಉಪಗ್ರಹದ ದೊಡ್ಡ ತಟ್ಟೆ ಬೇಕಾಯಿತು. ಆ ತಟ್ಟೆ ಬೆಂಗಳೂರಿನ ಆಫೀಸಿಗೆ ಎತ್ತಿನ ಗಾಡಿಯಲ್ಲಿ ಬಂತು. ಕ್ಯಾಲಿಫೋರ್ನಿಯಾದಲ್ಲಿ ಡಿಸ್ಕ್ ಇಲ್ಲದ ಯಂತ್ರಕ್ಕೆ ದಾರಿ ಹುಡುಕುತ್ತಿದ್ದಾಗಲೇ ನಮ್ಮ ಊರಿನಲ್ಲಿ ತಟ್ಟೆಗೆ ದಾರಿ ಬಿಡಿಸುತ್ತಿದ್ದರು.

ಇ53ಕ್ಕೆ ಬರೋಣ. ಸಭಾಂಗಣದ ರೌಟರ್‌ಗೆ ಕಡತದ ಹೆಸರು ಗೊತ್ತಿಲ್ಲ, ಅದರ ಸೆಟ್ಟಿಂಗ್ ಮುಟ್ಟಲು ನನಗೆ ಅನುಮತಿಯೂ ಇಲ್ಲ. ಹಾಗಾದರೆ ನನ್ನ ಲ್ಯಾಪ್‌ಟಾಪ್‌ನಲ್ಲೇ ಡಿಎಚ್‌ಸಿಪಿ ಸರ್ವರ್ ಶುರು ಮಾಡಿದರೆ, ವಿಳಾಸ, ಕಡತದ ಹೆಸರು ಎರಡನ್ನೂ ನಾನೇ ಕೊಡಬಹುದಲ್ಲ ಎನಿಸಿತು. ಹಾಗೇ ಮಾಡಿದೆ. ಗೋಡೆಯ ಕೇಬಲ್ ಕಿತ್ತಿರಲಿಲ್ಲ. ಅದನ್ನು ನೆನಪಿಟ್ಟುಕೊಳ್ಳಿ.

ಮೂರನೇ ಪದರ: ಇ32, 1981

ಈಗ ಇ32. 'ಟಿಎಫ್‌ಟಿಪಿಗೆ ಕಾದು ಸಾಕಾಯಿತು' ಎಂಬ ಅರ್ಥ. ಕಡತದ ಹೆಸರು ಸಿಕ್ಕಿದೆ, ಬಾಗಿಲು ತಟ್ಟಿದೆ, ಯಾರೂ ತೆಗೆಯಲಿಲ್ಲ.

ಟಿಎಫ್‌ಟಿಪಿ ಎಂದರೆ ಕಡತ ಸಾಗಿಸುವ ಅತಿ ಸರಳ ನಿಯಮ. ಎಂಐಟಿಯ ಕ್ಯಾರೆನ್ ಸೋಲಿನ್ಸ್ ಬರೆದ 783ನೇ ದಾಖಲೆ, 1981ರ ಜೂನ್. ಇದರಲ್ಲಿ ಪಾಸ್‌ವರ್ಡ್ ಇಲ್ಲ, ಕಡತಗಳ ಪಟ್ಟಿ ನೋಡುವ ವ್ಯವಸ್ಥೆಯೂ ಇಲ್ಲ. ಕಡತವನ್ನು 512 ಬೈಟ್‌ನ ತುಂಡು ಮಾಡಿ ಒಂದು ಕಳಿಸುತ್ತದೆ, 'ಬಂತು' ಎಂದು ಉತ್ತರ ಬಂದ ಮೇಲೆ ಮುಂದಿನದು. 512ಕ್ಕಿಂತ ಚಿಕ್ಕ ತುಂಡು ಬಂದರೆ ಮುಗಿಯಿತು ಎಂದು ಅರ್ಥ. ಇಷ್ಟು ಸರಳವಾಗಿರುವುದಕ್ಕೆ ಕಾರಣ ಇದೆ. ಈ ನಿಯಮವನ್ನು ಪಾಲಿಸುವ ಪ್ರೋಗ್ರಾಂ ಒಂದು ಪುಟ್ಟ ಚಿಪ್‌ನೊಳಗೆ ಹಿಡಿಸಬೇಕಿತ್ತು.

ನನ್ನ ಲ್ಯಾಪ್‌ಟಾಪ್‌ನ ಫೈರ್‌ವಾಲ್ 69ನೇ ಬಾಗಿಲನ್ನು ಮುಚ್ಚಿಟ್ಟಿತ್ತು. ತೆರೆದೆ. ಕಾಂಪ್ಯಾಕ್‌ನ ಪರದೆ ಒಮ್ಮೆ ಮಿನುಗಿ, ಡೆಬಿಯನ್ ಲಿನಕ್ಸ್‌ನ ಮೊದಲ ಪುಟ ಬಂತು. ಭಾಷೆ ಆರಿಸಿ ಎಂಬ ಉದ್ದ ಪಟ್ಟಿ. ಅದರ ಮಧ್ಯದಲ್ಲಿ 'ಕನ್ನಡ' ಎಂದು ಕನ್ನಡ ಲಿಪಿಯಲ್ಲೇ ಇತ್ತು. ಖಾಲಿ ಡಿಸ್ಕ್‌ನ ಯಂತ್ರದಲ್ಲಿ, ಕೇಬಲ್‌ನಿಂದ ಬಂದ ನಮ್ಮ ಅಕ್ಷರ. ನಾನು ಜೋರಾಗಿ ಕೂಗಿದೆ. ಚಿಕ್ಕ ಮಕ್ಕಳೆಲ್ಲ ಓಡಿ ಬಂದರು.

ಆಮೇಲೆ ಗಮನಿಸಿದೆ. ದೋಷ ಒಂದೊಂದಾಗಿ ಸರಿಯಾದಂತೆ ನಾನು ಕಾಲದಲ್ಲಿ ಹಿಂದಕ್ಕೆ ಹೋಗುತ್ತಿದ್ದೆ: 1993, 1985, 1981. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದರು. ಅಗೆದಷ್ಟೂ ಹಳೆಯ ಕಾಲದ ಮಡಕೆ ಚೂರುಗಳು, ಹಳೆಯ ಜನರ ಕುರುಹುಗಳು ಒಂದರ ಕೆಳಗೆ ಒಂದು ಸಿಕ್ಕಿದವು ಎಂದು ಓದಿದ್ದೆ. ಬೂಟ್ ಆಗುವ ಒಂದು ನಿಮಿಷವೂ ಹಾಗೇ ಇದೆ. ಹೊಸಬರು ಹಳೆಯದನ್ನು ಕಿತ್ತು ಹಾಕಲಿಲ್ಲ, ಅದರ ಮೇಲೆ ಕಟ್ಟಿದರು.

ಪಕ್ಕದ ಕೋಣೆ

ಆ ಸಂತೋಷ ಹತ್ತು ನಿಮಿಷವೂ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಭಾನುವಾರ ಹಿರಿಯರ ಭಜನೆ ನಡೆಯುತ್ತದೆ. ಅಲ್ಲಿಗೆ ಬರುವ ಒಬ್ಬ ಅಜ್ಜಿ ತಮ್ಮ ಫೋನಿನಲ್ಲಿ ಶಿವಮೊಗ್ಗದಲ್ಲಿರುವ ಅಕ್ಕನಿಗೆ ಅದನ್ನು ತೋರಿಸುತ್ತಾರೆ. ಇಲ್ಲಿ ಬೆಳಿಗ್ಗೆ ಹನ್ನೊಂದು, ಅಲ್ಲಿ ರಾತ್ರಿ ಒಂಬತ್ತೂವರೆ. ಅಕ್ಕ ಮಲಗದೆ ಕಾಯುತ್ತಿರುತ್ತಾರೆ. ಅಂದು ಅಜ್ಜಿ ಬಂದು ವೈಫೈಗೆ ಸೇರಿದಾಗ ಇಂಟರ್‌ನೆಟ್ ಇರಲಿಲ್ಲ. ಒಬ್ಬ ಅಂಕಲ್ ನಮ್ಮ ಕೋಣೆಯ ಬಾಗಿಲಿಗೆ ಬಂದು, "ಏನಪ್ಪಾ, ನಿಮ್ಮಲ್ಲೂ ನೆಟ್ ಹೋಯ್ತಾ?" ಎಂದು ಕೇಳಿದರು.

ನನಗೆ ಒಳಗೊಳಗೇ ಅನುಮಾನ ಬಂದಿತ್ತು. ಆದರೂ "ಗೊತ್ತಿಲ್ಲ ಅಂಕಲ್" ಎಂದೆ.

ಆದದ್ದು ಇಷ್ಟು. ಗೋಡೆಯ ಕೇಬಲ್ ಮೂಲಕ ನನ್ನ ಲ್ಯಾಪ್‌ಟಾಪ್ ಇಡೀ ಸಭಾಂಗಣದ ಜಾಲಕ್ಕೆ ಸೇರಿತ್ತು. ಹೊಸ ಫೋನ್ 'ಯಾರಾದರೂ ಇದ್ದೀರಾ?' ಎಂದು ಕೂಗಿದಾಗ ಈಗ ಉತ್ತರ ಕೊಡುವವರು ಇಬ್ಬರು: ನಿಜವಾದ ರೌಟರ್ ಮತ್ತು ನನ್ನ ಲ್ಯಾಪ್‌ಟಾಪ್. ಫೋನ್ ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನು ನಂಬುತ್ತದೆ. ನನ್ನದು ಮೊದಲು ತಲುಪಿದರೆ, 'ಇಂಟರ್‌ನೆಟ್‌ಗೆ ಹೋಗುವ ದಾರಿ ನಾನೇ' ಎಂದು ನನ್ನ ಲ್ಯಾಪ್‌ಟಾಪ್ ಸುಳ್ಳು ಹೇಳುತ್ತಿತ್ತು. ಮೊದಲೇ ವಿಳಾಸ ಪಡೆದವರಿಗೆ ತೊಂದರೆ ಆಗಲಿಲ್ಲ. ತಡವಾಗಿ ಬಂದವರಿಗೆಲ್ಲ ಆಯಿತು. ನಾನು ಲ್ಯಾಪ್‌ಟಾಪ್ ಆರಿಸಿದ ಮೇಲೂ ತಕ್ಷಣ ಸರಿಯಾಗಲಿಲ್ಲ, ಏಕೆಂದರೆ ನಾನು ಕೊಟ್ಟ ವಿಳಾಸದ ಬಾಡಿಗೆ ಅವಧಿ ಹನ್ನೆರಡು ಗಂಟೆ ಇತ್ತು. ಆ ವೈಫೈಯನ್ನು ಮರೆತು ಹೊಸದಾಗಿ ಸೇರುವಂತೆ ಫೋನಿಗೆ ಹೇಳಬೇಕಿತ್ತು. ಅದನ್ನು ಅವರಿಗೆ ಹೇಳಬೇಕಾದವರು ನಾನು. ಹೇಳದೆ ಮನೆಗೆ ಹೋದೆ.

ಆ ರಾತ್ರಿ ಡಿಎಚ್‌ಸಿಪಿಯ 1997ರ ಪರಿಷ್ಕೃತ ದಾಖಲೆ, 2131ನೆಯದನ್ನು ಓದಿದೆ. ಸುರಕ್ಷತೆ ಬಗ್ಗೆ ಅಲ್ಲಿ ಒಂದು ಚಿಕ್ಕ ಭಾಗ ಇದೆ. ಈ ನಿಯಮ ಸುರಕ್ಷಿತವಲ್ಲ, ಅನುಮತಿ ಇಲ್ಲದವರು ಸುಲಭವಾಗಿ ಸರ್ವರ್ ಇಟ್ಟು ತಪ್ಪು ಮಾಹಿತಿ ಕೊಡಬಹುದು ಎಂದು ಬರೆದವರೇ ಒಪ್ಪಿಕೊಂಡಿದ್ದಾರೆ. ನಾನು ಮಾಡಿದ್ದು ಅದನ್ನೇ. ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಏನೂ ಗೊತ್ತಿಲ್ಲದೆ ಬಂದ ಯಂತ್ರದ ಹತ್ತಿರ ಗುರುತು ಕೇಳಿದರೆ ಅದು ಏನನ್ನು ತೋರಿಸೀತು? ಒಂದೇ ಕಟ್ಟಡದಲ್ಲಿ ಇರುವವರು ಒಬ್ಬರನ್ನೊಬ್ಬರು ನಂಬುತ್ತಾರೆ ಎಂಬ ಲೆಕ್ಕದಲ್ಲಿ ಈ ಪದರಗಳೆಲ್ಲ ಕಟ್ಟಿದವು. 2001ರಲ್ಲಿ ಗುರುತು ಪರೀಕ್ಷಿಸುವ ನಿಯಮವೊಂದು, 3118ನೆಯದು ಬಂದರೂ ಬಳಕೆಗೆ ಬಂದದ್ದು ಕಡಿಮೆ. ದೊಡ್ಡ ಆಫೀಸುಗಳಲ್ಲಿ ಈಗ ಸ್ವಿಚ್‌ಗಳೇ ಕಾವಲು ಕಾಯುತ್ತವೆ, ಅನುಮತಿ ಇಲ್ಲದ ಕಡೆಯಿಂದ ಬಂದ ಉತ್ತರವನ್ನು ಬಿಸಾಡುತ್ತವೆ. ನಮ್ಮ ಸಭಾಂಗಣದಂಥ ಜಾಗಗಳಲ್ಲಿ ಅದು ಇಲ್ಲ. ಅಲ್ಲಿ ಉಳಿದಿರುವುದು ನಂಬಿಕೆ ಮಾತ್ರ.

ಹ್ಯೂಸ್ಟನ್, ಆಸ್ಟಿನ್ ಮತ್ತು ಪರಿಹಾರ

ಪರಿಹಾರವೂ ಇತಿಹಾಸದಲ್ಲೇ ಸಿಕ್ಕಿತು. ಅದಕ್ಕೆ ನಮ್ಮ ಕೋಣೆಯ ಕಂಪ್ಯೂಟರ್‌ಗಳ ಮೇಲಿದ್ದ ಎರಡು ಹೆಸರಿಗೂ ಸಂಬಂಧ ಇದೆ.

ಕಾಂಪ್ಯಾಕ್ 1982ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದ ಮೂವರು, ಹೌಸ್ ಆಫ್ ಪೈಸ್ ಎಂಬ ಹೋಟೆಲಿನಲ್ಲಿ ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ತಮ್ಮ ಮೊದಲ ಕಂಪ್ಯೂಟರಿನ ಚಿತ್ರ ಬಿಡಿಸಿದರು ಎಂಬುದು ಪ್ರಸಿದ್ಧ ಕಥೆ. ಎರಡು ವರ್ಷದ ನಂತರ, 1984ರಲ್ಲಿ, ಆಸ್ಟಿನ್‌ನಲ್ಲಿ ಓದುತ್ತಿದ್ದ ಮೈಕೆಲ್ ಡೆಲ್ ತನ್ನ ಹಾಸ್ಟೆಲ್ ಕೋಣೆಯಿಂದ ಕಂಪ್ಯೂಟರ್ ಮಾರಲು ಶುರು ಮಾಡಿದ.

ತೊಂಬತ್ತರ ದಶಕದಲ್ಲಿ ಕಂಪನಿಗಳ ಆಫೀಸುಗಳಲ್ಲಿ ಸಾವಿರಾರು ಪಿಸಿಗಳು ತುಂಬಿದವು. ಪ್ರತಿಯೊಂದಕ್ಕೂ ಫ್ಲಾಪಿ ಹಿಡಿದು ಓಡಾಡುವುದು ಯಾರಿಗೂ ಬೇಡವಾಗಿತ್ತು. 1996ರ ಜನವರಿಯಲ್ಲಿ ಕಾಂಪ್ಯಾಕ್, ಫೀನಿಕ್ಸ್, ಇಂಟೆಲ್ ಸೇರಿ, ಕಂಪ್ಯೂಟರ್ ಎದ್ದಾಗ ಯಾವ ಸಾಧನವನ್ನು ಯಾವ ಕ್ರಮದಲ್ಲಿ ಕೇಳಬೇಕು ಎಂಬ ನಿಯಮ ಬರೆದರು. ನೀವು ಸೆಟಪ್‌ನಲ್ಲಿ ನೋಡುವ 'ಬೂಟ್ ಆರ್ಡರ್' ಪಟ್ಟಿಯ ಹಿಂದೆ ಅದೇ ಇದೆ. 1997ರಲ್ಲಿ ಮೈಕ್ರೋಸಾಫ್ಟ್, ಇಂಟೆಲ್, ಕಾಂಪ್ಯಾಕ್, ಡೆಲ್, ಎಚ್‌ಪಿ ಸೇರಿ ನೆಟ್‌ಪಿಸಿ ಎಂಬ ಹೊಸ ಬಗೆಯ ಕಂಪ್ಯೂಟರಿಗೆ ರೂಪುರೇಷೆ ಮಾಡಿದರು. ನೆಟ್‌ಪಿಸಿ ಮಾರಾಟವಾಗಲಿಲ್ಲ. ಆದರೆ ನೆಟ್‌ವರ್ಕ್‌ನಿಂದ ಬೂಟ್ ಆಗುವ ವಿಚಾರ ಉಳಿಯಿತು. ಇಂಟೆಲ್ ಅದನ್ನು ಪಿಎಕ್ಸ್‌ಇ ಎಂಬ ನಿಯಮವಾಗಿ ಬೆಳೆಸಿ, 1999ರ ಸೆಪ್ಟೆಂಬರ್‌ನಲ್ಲಿ 2.1ನೇ ಆವೃತ್ತಿ ಪ್ರಕಟಿಸಿತು. ಇದನ್ನು 'ಪಿಕ್ಸಿ' ಎಂದು ಕರೆಯುತ್ತಾರೆ. 1981, 1985, 1993ರ ಮೂರೂ ಪದರಗಳನ್ನು ಒಂದೇ ಚೀಲಕ್ಕೆ ಹಾಕಿದ್ದು ಇದು.

ಅದನ್ನು ಮಾಡಿದವರು ನನ್ನಂಥವರ ತೊಂದರೆಯನ್ನು ಮೊದಲೇ ಯೋಚಿಸಿದ್ದರು. ವಿಳಾಸ ಕೊಡುವವರು ಒಬ್ಬರು, ಕಡತದ ಹೆಸರು ಹೇಳುವವರು ಇನ್ನೊಬ್ಬರು ಆಗಿರಬಹುದು ಎಂದು ದಾರಿ ಇಟ್ಟರು. ಅದರ ಹೆಸರು ಪ್ರಾಕ್ಸಿ ಡಿಎಚ್‌ಸಿಪಿ. ಪಿಕ್ಸಿ ಯಂತ್ರ ಕೂಗುವಾಗ 'ನಾನು ಪಿಎಕ್ಸ್‌ಇ' ಎಂದು ಹೇಳಿಕೊಳ್ಳುತ್ತದೆ. ಪ್ರಾಕ್ಸಿ ಸರ್ವರ್ ಆ ಮಾತು ಕೇಳಿದರೆ ಮಾತ್ರ ಬಾಯಿ ಬಿಡುತ್ತದೆ, ಅದೂ ಕಡತದ ಹೆಸರು ಹೇಳಲು ಮಾತ್ರ. ಅಜ್ಜಿಯ ಫೋನ್ ಕೂಗಿದರೆ ಸುಮ್ಮನಿರುತ್ತದೆ.

ಡಿಎನ್‌ಎಸ್‌ಮಾಸ್ಕ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಈ ವ್ಯವಸ್ಥೆ ಇದೆ. ಮುಂದಿನ ಭಾನುವಾರ ಅದನ್ನು ಹಾಕಿದೆ. ಮೂರು ಕಾಂಪ್ಯಾಕ್‌ಗಳೂ ಎದ್ದವು. ಡೆಲ್‌ಗಳು ಏಳಲಿಲ್ಲ. ಅವು ಹೊಸ ಬಗೆಯವು, ಹಳೆಯ ಬಯಾಸ್ ಬದಲು ಯುಇಎಫ್‌ಐ ಇರುವಂಥವು. ಬಯಾಸ್‌ಗೆ ಮಾಡಿದ ಬೂಟ್ ಕಡತ ಅವಕ್ಕೆ ಅರ್ಥವೇ ಆಗುವುದಿಲ್ಲ. 2006ರ 4578ನೇ ದಾಖಲೆಯ ಪ್ರಕಾರ ಯಂತ್ರ ತಾನು ಯಾವ ಬಗೆಯದು ಎಂದು 93ನೇ ಆಯ್ಕೆಯಲ್ಲಿ ಒಂದು ಸಂಖ್ಯೆಯಾಗಿ ಹೇಳುತ್ತದೆ. ಸೊನ್ನೆ ಎಂದರೆ ಹಳೆಯ ಬಯಾಸ್. ನಮ್ಮ ಡೆಲ್‌ಗಳು ಏಳು ಎಂದು ಹೇಳುತ್ತಿದ್ದವು. ಸೊನ್ನೆಗೆ ಒಂದು ಕಡತ, ಏಳಕ್ಕೆ ಇನ್ನೊಂದು ಎಂದು ಬರೆದೆ. ಮೂರನೇ ಭಾನುವಾರ ಹನ್ನೆರಡು ಪರದೆಗಳಲ್ಲೂ ಡೆಬಿಯನ್ ಬಂತು.

ನೀವು ಮಾಡುವುದಾದರೆ ಈ ಕ್ರಮದಲ್ಲಿ ಕೇಳಿಕೊಳ್ಳಿ:

1. ಈ ಜಾಲಕ್ಕೆ ಹೊಸ ಸರ್ವರ್ ಸೇರಿಸಲು ಜಾಗದವರ ಅನುಮತಿ ಇದೆಯೇ?
2. ವಿಳಾಸ ಸಿಗುತ್ತಿದೆಯೇ? ಇಲ್ಲದಿದ್ದರೆ ಕೇಬಲ್, ಸ್ವಿಚ್, ಡಿಎಚ್‌ಸಿಪಿ ನೋಡಿ.
3. ವಿಳಾಸ ಕೊಡುವವರು ಒಬ್ಬರೇ ಇದ್ದಾರೆಯೇ?
4. ಕಡತದ ಹೆಸರು ಸಿಗುತ್ತಿದೆಯೇ? ಆ ಕಡತ ಈ ಬಗೆಯ ಯಂತ್ರದ್ದೇ?
5. ಕಡತ ಬರುತ್ತಿದೆಯೇ? ಇಲ್ಲದಿದ್ದರೆ ಫೈರ್‌ವಾಲ್ ನೋಡಿ.

ಮೊದಲನೆಯ ಪ್ರಶ್ನೆ ಯಾವ ದೋಷ ಸಂಖ್ಯೆಯಲ್ಲೂ ಇಲ್ಲ. ನಾನು ಎರಡನೇ ಭಾನುವಾರ ಕೆಲಸ ಶುರು ಮಾಡುವ ಮೊದಲು ಸಭಾಂಗಣ ನೋಡಿಕೊಳ್ಳುವವರ ಹತ್ತಿರ ಹೋಗಿ, ಆದದ್ದನ್ನು ಹೇಳಿ, ಅನುಮತಿ ಕೇಳಿದೆ. ಆಮೇಲೆ ಪಕ್ಕದ ಕೋಣೆಗೆ ಹೋಗಿ ಅಂಕಲ್‌ಗೂ ಅಜ್ಜಿಗೂ "ಹೋದ ವಾರ ನೆಟ್ ಕೆಡಿಸಿದ್ದು ನಾನೇ, ಗೊತ್ತಿಲ್ಲ ಅಂತ ಸುಳ್ಳು ಹೇಳಿದೆ" ಎಂದೆ. ಅಂಕಲ್ ಏನೂ ಹೇಳಲಿಲ್ಲ. ಅಜ್ಜಿ ಮಾತ್ರ, "ಅಯ್ಯೋ, ನನ್ನ ಫೋನೇ ಕೆಟ್ಟೋಯ್ತು ಅಂತ ಮಗನ ಹತ್ತಿರ ಹೊಸದು ಕೇಳಿದ್ದೆನಲ್ಲ ಮಗೂ" ಎಂದು ನಕ್ಕರು. ನಂತರ ಸ್ವಲ್ಪ ಹೊತ್ತು ಬಿಟ್ಟು, "ಅಕ್ಕ ಹನ್ನೊಂದು ಗಂಟೆವರೆಗೂ ಕಾದಿದ್ದಳಂತೆ" ಎಂದರು. ಆ ಮಾತು ನನಗೆ ಇನ್ನೂ ನೆನಪಿದೆ.

ಈಗ ಭಾನುವಾರ ನಮ್ಮ ತರಗತಿಯಲ್ಲಿ ಹನ್ನೆರಡು ಮಕ್ಕಳು ಒಟ್ಟಿಗೆ 'ಅಆಇಈ' ಟೈಪ್ ಮಾಡುತ್ತಾರೆ. ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ ನೋಡಿ. ಅಪ್ಪ ಅಮ್ಮನನ್ನು ಕೇಳಿ, ಫೋನಿನ ವೈಫೈ ಸೆಟ್ಟಿಂಗ್ ತೆರೆದು, ಅಲ್ಲಿರುವ ಐಪಿ ವಿಳಾಸ ಓದಿ. ಹೆಚ್ಚಾಗಿ 192.168 ಎಂದು ಶುರುವಾಗುತ್ತದೆ. ಅದು ನಿಮಗೆ ಬಾಡಿಗೆಗೆ ಬಂದದ್ದು. ಕೊಟ್ಟವರು ಯಾರು ಎಂದೂ ಅಲ್ಲೇ 'ರೌಟರ್' ಎಂಬ ಸಾಲಿನಲ್ಲಿ ನೋಡಬಹುದು. ಅರ್ಥವಾಗದಿದ್ದರೆ ಭಾನುವಾರ ನನ್ನನ್ನು ಕೇಳಿ. ಈ ಸಲ ಗೊತ್ತಿಲ್ಲದಿದ್ದರೆ ಮಾತ್ರ ಗೊತ್ತಿಲ್ಲ ಎನ್ನುತ್ತೇನೆ.